ತಾರೀಕು ನೋಡುವ ಕೆಲಸ

ಬಹರೈನಿನ ಮುಹರ್ರಕ್‌ನಲ್ಲಿ, ಈ ಓಣಿಯಲ್ಲಿ,
ದಿನಸಿ ಅಂಗಡಿಗೆ ಕೋಲ್ಡ್ ಸ್ಟೋರ್ ಅನ್ನುತ್ತಾರೆ.
ಹೊರಗೆ ರಾತ್ರಿಯೂ ಮೂವತ್ತೆಂಟು ಡಿಗ್ರಿ, ಒಳಗೆ ನಾನು
ಹತ್ತು ಗಂಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು
ಒಂದೊಂದನ್ನೇ ತಿರುಗಿಸಿ ಬುಡ ನೋಡುತ್ತೇನೆ,
ಬೆಕ್ಕಿನ ಮರಿ ಗಂಡೋ ಹೆಣ್ಣೋ ಅಂತ ನೋಡುವ ಹಾಗೆ.

ಹಾಲಿಗೆ ಐದು ದಿನ. ಲಬನ್‌ಗೆ ಎಂಟು.
ರೊಟ್ಟಿ ನಾಳೆ ಸಂಜೆಯ ತನಕ, ಅದೂ ಗಾಳಿ ತಾಗದಿದ್ದರೆ.
ಮೇಲಿನ ಸಾಲಿನ ಟ್ಯೂನಾ ಡಬ್ಬಿಗಳು
ನನ್ನ ವೀಸಾಕ್ಕಿಂತ ಮೂರು ವರ್ಷ ಹೆಚ್ಚು ಬಾಳುತ್ತವೆ.
ಉಪ್ಪಿನ ಪೊಟ್ಟಣ ಯಾವ ಕಾಲದ್ದೋ, ಯಾರೂ ಕೇಳುವುದಿಲ್ಲ,
ಅದನ್ನು ನೋಡಿ ಯಾರ ಬಾಯಲ್ಲೂ ನೀರೂರಿದ್ದು ಕಂಡಿಲ್ಲ.
ಹೊರಗೆ ನಾಲ್ಕೇ ನಿಮಿಷ ಬಾಳುವ ಐಸ್‌ಕ್ಯಾಂಡಿಗೆ
ಮಕ್ಕಳು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬರುತ್ತಾರೆ.

ಕೋಣೆಯಲ್ಲಿ ಮೇಲಿನ ಮಂಚ ನನ್ನದು, ಕೆಳಗಿನದು ಐತಪ್ಪಣ್ಣನದು.
ಮುಂಡ್ಕೂರಿನ ಕಡೆಯವರು, ಏಸಿ ಮೆಕ್ಯಾನಿಕ್,
ಎದೆಯೊಳಗೆ ಎರಡು ಸ್ಟೆಂಟು.
ಹೀಗೇ ತಿಂದರೆ ಎರಡು ವರ್ಷ, ಅಂದರಂತೆ ಡಾಕ್ಟರು,
ಬಾಯಿ ಕಟ್ಟಿದರೆ ಇಪ್ಪತ್ತು.
"ಆ ಇಪ್ಪತ್ತರಲ್ಲಿ ಶುಕ್ರವಾರ ಉಂಟಾ ಡಾಕ್ಟ್ರೇ?"
ಡಾಕ್ಟರಿಗೆ ಶುಕ್ರವಾರವೂ ಡ್ಯೂಟಿ.
ನಗಲಿಲ್ಲವಂತೆ.

ಶುಕ್ರವಾರ ಅಂದರೆ
ಬೆಳಗಿನ ನಾಲ್ಕೂವರೆಗೆ ಅರಾದ್ ಕಡೆಯ ನೀರು,
ಕುತ್ತಿಗೆಯ ತನಕ ಇಳಿದು ನಿಂತ ಐತಪ್ಪಣ್ಣ,
ತಲೆಯ ಮೇಲೆ ಬೈರಾಸು.
ಆಮೇಲೆ ಸಾಫಿ ಮೀನು, ಕೆಂಪು ಮೆಣಸು ಅರೆದು ಮೆತ್ತಿ,
ಬಾಳೆಲೆ ಸಿಗದೆ ಬೆಳ್ಳಿ ಹಾಳೆಯಲ್ಲಿ ಸುತ್ತಿ ಕೆಂಡಕ್ಕಿಟ್ಟು.
ಮುಳ್ಳು ಬಿಡಿಸುವಾಗ ಫೋನ್ ಎತ್ತುವುದಿಲ್ಲ.
ಒಮ್ಮೆ ಮಾತ್ರ ಅಂದರು:
"ಇಲ್ಲಿನ ಅಜ್ಜಂದಿರು ಮುತ್ತಿಗೆ ಮುಳುಗುತ್ತಿದ್ದರಲ್ಲ,
ಯಾರು ಹೆಚ್ಚು ಹೊತ್ತು ಉಸಿರು ಹಿಡಿದ ಅಂತ
ಯಾರಾದರೂ ಕೂಲಿ ಕೊಟ್ಟದ್ದುಂಟಾ ಮಾರಾಯ?
ಕೈಯಲ್ಲಿ ಎಂತ ಬಂತು ಅಂತ ನೋಡುವುದು."

ನಾನು ಆ ಪೈಕಿಯವನಲ್ಲ.
ಬಿಪಿಗೆ ಹೆದರಿ ಉಪ್ಪಿನಕಾಯಿ ಬಿಟ್ಟವನು,
ಟ್ಯಾಕ್ಸಿಯ ದುಡ್ಡು ಉಳಿಸಿ ನಡೆದವನು,
ಬದುಕನ್ನು ಆಮೇಲಕ್ಕೆ ಅಂತ ಎತ್ತಿಟ್ಟವನು.
ಹದಿನಾಲ್ಕು ವರ್ಷವಾಯಿತು. ಮಗಳಿಗೆ ಹನ್ನೊಂದು.
ಒಂದು ರಾತ್ರಿ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ:
ಅವಳು ಹುಟ್ಟಿದ ಮೇಲೆ ಐದು ರಜೆ, ರಜೆಗೆ ನಲವತ್ತು ದಿನ,
ಒಟ್ಟು ಇನ್ನೂರು.
ನಾನು ಎತ್ತಿ ಆಡಿಸಿದ ಮಗಳಿಗೆ ಆರು ತಿಂಗಳು ಚಿಲ್ಲರೆ,
ಈಗಷ್ಟೇ ಅನ್ನಪ್ರಾಶನದ ವಯಸ್ಸು.
ಫೋನಿನಲ್ಲಿರುವವಳು ಭಿನ್ನರಾಶಿ ಕಲಿಯುತ್ತಿದ್ದಾಳೆ,
"ಛೇದ ಸೊನ್ನೆಯಾದರೆ ಏನಪ್ಪಾ?" ಎಂದು ಕೇಳುತ್ತಾಳೆ.
ನೆಟ್‌ವರ್ಕ್ ಸರಿ ಇಲ್ಲ ಪುಟ್ಟೀ, ಅನ್ನುತ್ತೇನೆ.

ಹಾಗಂತ ಐತಪ್ಪಣ್ಣ ಹೇಳಿದ್ದೇ ಸರಿ ಅನ್ನಲಾರೆ.
ದೀಪ ಆರಿದ ಮೇಲೆ, ದಿನಾ,
ಕೆಳಗಿನಿಂದ ಮಾತ್ರೆಯ ಪಟ್ಟಿ ಚಿಟ್ಟೆನ್ನುವುದು ಕೇಳುತ್ತದೆ.
ಒಂದು ರಾತ್ರಿಯೂ ತಪ್ಪಿಸಿಲ್ಲ, ಶುಕ್ರವಾರ ಕೂಡ.
ಕಬ್ಬಿಣದ ಮಂಚ ಒಂದೇ ಆದ್ದರಿಂದ
ಅವರ ಎದೆ ಜೋರಾಗಿ ಹೊಡೆದರೆ
ನನ್ನ ತಲೆದಿಂಬಿಗೆ ಗೊತ್ತಾಗುತ್ತದೆ.
ಬೆಳಗ್ಗೆ ನಾನು ಕೇಳುವುದಿಲ್ಲ, ಅವರು ಹೇಳುವುದಿಲ್ಲ.

ಈ ರಾತ್ರಿ ನಾಲ್ಕು ಕಪ್ಪು ಮೊಸರು ಉಳಿಯಿತು,
ತಾರೀಕು ಇವತ್ತಿನದು.
ಬಿಸಾಡಬೇಕು, ಅದು ನಿಯಮ.
ಚೀಲಕ್ಕೆ ಹಾಕಿಕೊಂಡು ಶಟರ್ ಎಳೆದೆ.
ಕೋಣೆಯಲ್ಲಿ ಮಧ್ಯಾಹ್ನದ ಅನ್ನವಿತ್ತು.
ಮಜ್ಜಿಗೆ ಮೆಣಸು ಕರಿಯುವ ಘಾಟಿಗೆ
ಢಾಕಾದ ಶಫೀಕುಲ್ ಕೆಮ್ಮುತ್ತ ಎದ್ದು,
ಬಯ್ಯುತ್ತ ಬಯ್ಯುತ್ತಲೇ ತಟ್ಟೆ ಹಿಡಿದ.
ಐತಪ್ಪಣ್ಣ ಕಪ್ಪನ್ನು ತಿರುಗಿಸಿ, ಕನ್ನಡಕ ಏರಿಸಿ,
ಬುಡ ಓದಿ, ಗಡಿಯಾರ ನೋಡಿದರು.
"ಇನ್ನೂ ಹದಿನೇಳು ನಿಮಿಷ ಉಂಟು," ಅಂದರು,
"ಅವಸರ ಎಂತ? ಕೂತು ಉಣ್ಣುವ."

ಅನ್ನ ಸಪ್ಪೆಯಿತ್ತು.
ನಾನು ಉಪ್ಪು ಕೇಳಿದೆ.